ದಾಂಪತ್ಯ ಸಮಾಲೋಚನೆಯ ಫಲವಿಚಾರ: ಪುಣೆಯ ಕೌಟುಂಬಿಕ ನ್ಯಾಯಾಲಯದ ನೆಲೆಯಿಂದ

ಕೌಟುಂಬಿಕ ನ್ಯಾಯಾಲಯಗಳನ್ನು ಕುರಿತು ಬರೆದವರಲ್ಲಿ ಅಗ್ರಗಣ್ಯರಾದ ಫ್ಲೇವಿಯಾ ಆಗ್ನೆಸ್ ಅವರು, 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮವು ಸಂಸಾರದ ರಕ್ಷಣೆಯನ್ನು ಮುಂದೆ ಮಾಡಿ ಸ್ತ್ರೀಯ ಹಕ್ಕನ್ನು ಹಿಂದೆ ಸರಿಸಿತೆಂದು ಆಕ್ಷೇಪಿಸಿರುವರು. ಆ ಆಕ್ಷೇಪಕ್ಕೆ ಬಲವಾದ ಆಧಾರವಿದೆ. ಆದರೆ ಅದನ್ನೇ ಮುಂದುವರಿಸಿ, ನ್ಯಾಯಾಲಯದ ಆಶ್ರಯದಲ್ಲಿ ನಡೆಯುವ ದಾಂಪತ್ಯ ಸಮಾಲೋಚನೆಯನ್ನೆಲ್ಲ ‘ಹೊಂದಿಕೊಂಡು ಹೋಗಮ್ಮ’ ಎಂಬ ಹಳೆಯ ಉಪದೇಶದ ಹೊಸ ವೇಷವೆಂದು ತಳ್ಳಿಹಾಕುವುದು ಯುಕ್ತವೆ ಎಂಬುದು ವಿಚಾರಣೀಯ. ದೋಷವು ಅಧಿನಿಯಮದ ಧ್ಯೇಯದಲ್ಲಿರುವುದಕ್ಕಿಂತ ಹೆಚ್ಚಾಗಿ ವಿಧಾನದ ಒಂದು ಲೋಪದಲ್ಲಿದೆಯೆಂದೂ, ಆ ಲೋಪವನ್ನು ತುಂಬಿಕೊಳ್ಳುವ ಅವಕಾಶವು ಅಧಿನಿಯಮದ ಒಡಲಿನಲ್ಲಿಯೇ ಅಡಗಿದೆಯೆಂದೂ ಪುಣೆಯ ನೆಲೆಯಲ್ಲಿ ನಿಂತು ಪ್ರತಿಪಾದಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿವಾದವಿಲ್ಲದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. 1955ರ ಹಿಂದೂ ವಿವಾಹ ಅಧಿನಿಯಮದ 23ನೆಯ ಪ್ರಕರಣವೇ ದಂಪತಿಗಳನ್ನು ಒಂದುಗೂಡಿಸುವ ಯತ್ನವನ್ನು ನ್ಯಾಯಾಲಯದ ಕರ್ತವ್ಯವನ್ನಾಗಿಸಿತ್ತು. 1976ರ ತಿದ್ದುಪಡಿಯು ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ದಾರಿ ತೆರೆದು, ಮನಸ್ಸು ತಿರುಗೀತೆಂದು 6 ತಿಂಗಳ ಅವಧಿಯನ್ನಿಟ್ಟಿತು. ರಾಜಿಯ ಯತ್ನಗಳೆಲ್ಲ ವಿಫಲವಾದೆಡೆ ಆ ಅವಧಿಯನ್ನು ಮನ್ನಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿತು. 1984ರ ಅಧಿನಿಯಮದ 6ನೆಯ ಪ್ರಕರಣ ಸಮಾಲೋಚಕರ ನೇಮಕವನ್ನೂ, 9ನೆಯದು ಇತ್ಯರ್ಥದ ಯತ್ನವನ್ನೂ ವಿಧಿಸುತ್ತವೆ. 13ನೆಯದರಂತೆ ವಕೀಲರನ್ನಿಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ. ಪುಣೆಯ ಶಿವಾಜಿನಗರದಲ್ಲಿರುವ ಕೌಟುಂಬಿಕ ನ್ಯಾಯಾಲಯದಲ್ಲಿ ಈ ಸಮಾಲೋಚಕರೇ ಮರಾಠಿಯ ‘ವಿವಾಹ ಸಮುಪದೇಶಕ’ರು. ನ್ಯಾಯಾಲಯದ ಹೊರಗೂ ಈ ನಗರಕ್ಕೆ ಬೇರೊಂದು ಪರಂಪರೆಯುಂಟು: 1982ರಲ್ಲಿ ವಿದ್ಯಾ ಬಾಳ ಮೊದಲಾದವರು ಕಟ್ಟಿದ ನಾರೀ ಸಮತಾ ಮಂಚವು ನೊಂದ ಹೆಣ್ಣಿನ ಮಾತಿಗೆ ಮೊದಲು ಕಿವಿಗೊಡಬೇಕೆಂಬ ಸಂಕಲ್ಪದಿಂದ ತೊಡಗಿ, ಮನೆಯ ಉಳಿವಳಿವಿನ ಪ್ರಶ್ನೆಯನ್ನು ಆಮೇಲಿನದಾಗಿ ಎಣಿಸಿತು.

ಸಮಾಲೋಚನೆ ಫಲಿಸುತ್ತದೆನ್ನುವವರು ಬಹುಮಟ್ಟಿಗೆ ಆಶ್ರಯಿಸುವ ಪ್ರಮಾಣವೆಂದರೆ ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ನೀಲ್ ಜೇಕಬ್ಸನ್ ರೂಪಿಸಿದ ಪ್ರಯೋಗ. ಲಾಸ್ ಏಂಜಲೀಸ್ ಮತ್ತು ಸಿಯಾಟಲ್ ನಗರಗಳಲ್ಲಿ, ತೀವ್ರವೂ ದೀರ್ಘಕಾಲೀನವೂ ಆದ ವೈಮನಸ್ಯದಿಂದ ಬಳಲುತ್ತಿದ್ದ 134 ದಂಪತಿಗಳನ್ನು ಯಾದೃಚ್ಛಿಕವಾಗಿ ಎರಡು ಚಿಕಿತ್ಸಾಕ್ರಮಗಳಿಗೆ ಹಂಚಿ, ಗರಿಷ್ಠ 26 ಭೇಟಿಗಳನ್ನೊದಗಿಸಿ, ಅನಂತರ 5 ವರ್ಷ ಅವರ ದಾಂಪತ್ಯದ ಗತಿಯನ್ನು ಅವಲೋಕಿಸಲಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಣನೀಯ ಸುಧಾರಣೆ ಉಳಿದಿತ್ತು. ಕಾಲುಭಾಗಕ್ಕಿಂತ ತುಸು ಹೆಚ್ಚು ಜೋಡಿಗಳು ಬೇರೆಯಾಗಿದ್ದವು. ಫಲವು ಅಲ್ಪವೇನೂ ಅಲ್ಲ. ಆದರೆ ಅಲ್ಲಿಗೆ ಬಂದವರು ಸ್ವೇಚ್ಛೆಯಿಂದ ಬಂದವರು. ಅದಕ್ಕಿಂತ ಮುಖ್ಯವಾಗಿ, ಹೆಂಡತಿಯ ಮೇಲೆ ಅಪಾಯಕರ ಹಿಂಸೆಯೆಸಗುತ್ತಿದ್ದ ಗಂಡಂದಿರ ಜೋಡಿಗಳನ್ನು ಪ್ರಯೋಗದಿಂದ ಮೊದಲೇ ಹೊರಗಿಡಲಾಗಿತ್ತು. ಯಾವ ಪ್ರಮಾಣವನ್ನು ಸಮಾಲೋಚನೆಯ ಪಕ್ಷದಲ್ಲಿ ಮುಂದಿಡುತ್ತೇವೆಯೋ ಅದೇ ಪ್ರಮಾಣ, ಹಿಂಸೆಯಿಲ್ಲದೆಡೆಯಲ್ಲಿ ಮಾತ್ರ ತನ್ನನ್ನು ಅನ್ವಯಿಸಬೇಕೆಂದು ಹೇಳುತ್ತಿದೆ.

ವಿವಾದದ ತಿರುಳು ಇಲ್ಲಿದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದ 14ನೆಯ ಪ್ರಕರಣವೂ ಸಮಾಲೋಚನೆಗೆ ಎಡೆಗೊಡುತ್ತದೆ. ಆದರೆ 2006ರ ನಿಯಮಾವಳಿಯ 14ನೆಯ ನಿಯಮದಂತೆ, ಪ್ರತಿವಾದಿಯು ತನ್ನ ಹಿಂಸೆಗೆ ಸಮರ್ಥನೆಯನ್ನು ಸಮಾಲೋಚನೆಯಲ್ಲಿ ಮುಂದಿಡಕೂಡದು, ಈ ಸಂಗತಿಯನ್ನು ಆರಂಭದಲ್ಲಿಯೇ ಅವನಿಗೆ ತಿಳಿಸತಕ್ಕದ್ದು, ಹಿಂಸೆಯಿಂದ ದೂರವಿರುವೆನೆಂದು ಅವನು ಮುಚ್ಚಳಿಕೆ ಕೊಡತಕ್ಕದ್ದು. ಇದೇ ಅಧಿನಿಯಮದ 26ನೆಯ ಪ್ರಕರಣವು 18ರಿಂದ 22ರವರೆಗಿನ ಪರಿಹಾರಗಳನ್ನು ಕೌಟುಂಬಿಕ ನ್ಯಾಯಾಲಯದಲ್ಲಿಯೂ ಕೇಳಬಹುದೆನ್ನುತ್ತದೆ. ಸಮಾಲೋಚನೆಯ 14ನೆಯ ಪ್ರಕರಣವು ಆ ಸಾಲಿನಲ್ಲಿಲ್ಲ. ಇದರ ಪರಿಣಾಮವೇನೆಂದರೆ, ಹಿಂಸೆಯ ದೂರನ್ನು ಹೊತ್ತು ದಂಡಾಧಿಕಾರಿಯ ಬಳಿಗೆ ಹೋದ ಹೆಂಡತಿಗೆ ದೊರೆಯುವ ಕವಚವು, ಅದೇ ದೂರಿನೊಡನೆ ಶಿವಾಜಿನಗರಕ್ಕೆ ಬಂದವಳಿಗೆ ತಾನಾಗಿ ದೊರೆಯುವುದಿಲ್ಲ.

ಇದು ಕೇವಲ ತಾಂತ್ರಿಕ ಭೇದವೆಂದು ತೋರಬಹುದು. ಆದರೆ ಸಮಾಲೋಚಕರ ಮೇಜಿನ ಮುಂದೆ ಇಬ್ಬರನ್ನೂ ಕೂರಿಸಿದ ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಹೆಂಡತಿ, ‘ಮಗುವಿನೆದುರಿಗೇ ಹೊಡೆದರು’ ಎನ್ನುತ್ತಾಳೆ, ಗಂಡ, ‘ಮಾತಿಗೆ ಮಾತು ಬೆಳೆಸಿದಳು, ಕೈ ಎತ್ತಿದೆ, ನಮ್ಮ ತಾಯಿಗೂ ಊಟ ಹಾಕುವುದಿಲ್ಲ’ ಎನ್ನುತ್ತಾನೆ. ಎರಡು ದೂರುಗಳೂ ತಕ್ಕಡಿಯ ಎರಡು ತಟ್ಟೆಗಳಿಗೆ ಬಿದ್ದವು. ಇನ್ನು ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕೆಂಬ ಹಿತವಚನವು, ವಕ್ತೃವಿನ ಸದುದ್ದೇಶವೆಷ್ಟೇ ಇರಲಿ, ಪೆಟ್ಟನ್ನು ಅಡಿಗೆಯೊಡನೆ ವಿನಿಮಯ ಮಾಡಬಹುದಾದ ವಸ್ತುವನ್ನಾಗಿಸುತ್ತದೆ. 14ನೆಯ ನಿಯಮವು ತಡೆಯುವುದು ಈ ಸಮೀಕರಣವನ್ನೇ.

ಆದುದರಿಂದ ನನ್ನ ಪ್ರತಿಪಾದನೆ ಇದು: ಹಿಂಸೆಯ ಆರೋಪವಿರುವ ಪ್ರತಿಯೊಂದು ವ್ಯಾಜ್ಯದಲ್ಲಿಯೂ ದಂಪತಿಗಳನ್ನು ಮೊದಲು ಪ್ರತ್ಯೇಕವಾಗಿ ಕಾಣತಕ್ಕದ್ದು, ಮತ್ತು 14ನೆಯ ನಿಯಮದ ರಕ್ಷಣೆಗಳನ್ನು 1984ರ ಅಧಿನಿಯಮದ 9ನೆಯ ಪ್ರಕರಣದ ಸಮಾಲೋಚನೆಯಲ್ಲಿಯೂ ಪಾಲಿಸತಕ್ಕದ್ದು. ವ್ಯಾಜ್ಯದ ಸ್ವರೂಪಕ್ಕೂ ಸನ್ನಿವೇಶಕ್ಕೂ ಅನುಗುಣವಾಗಿ ಸಾಧ್ಯವಿದ್ದೆಡೆ ಮಾತ್ರ ಇತ್ಯರ್ಥಕ್ಕೆ ಯತ್ನಿಸಬೇಕೆಂಬ ಷರತ್ತು 9ನೆಯ ಪ್ರಕರಣದಲ್ಲಿಯೇ ಇದೆ; ಅಂಥ ಯತ್ನದ ಕ್ರಮವನ್ನು ನ್ಯಾಯಾಲಯವು ತಾನೇ ರೂಪಿಸಿಕೊಳ್ಳಲು 10ನೆಯದರ 3ನೆಯ ಉಪಪ್ರಕರಣ ಅನುವು ಮಾಡುತ್ತದೆ. ಇಲ್ಲಿ ಕೆಲವು ಮಿತಿಗಳನ್ನು ಒಪ್ಪಿಕೊಳ್ಳುವುದು ಅವಶ್ಯ. ಒಂದು ಅಧಿನಿಯಮದ ನಿಯಮವು ಮತ್ತೊಂದರಡಿಯಲ್ಲಿ ಬಂಧಕವೆಂದು ನಾನು ಹೇಳುತ್ತಿಲ್ಲ. ಮಾರ್ಗದರ್ಶಕವೆಂದಷ್ಟೇ ನನ್ನ ಅಭಿಪ್ರಾಯ. ಆರೋಪವು ಸಿದ್ಧವಾದ ಸತ್ಯವಲ್ಲವಾದುದರಿಂದ ಅದನ್ನು ನ್ಯಾಯಾಧೀಶರ ಮುಂದೆ ಅಲ್ಲಗಳೆಯುವ ಗಂಡನ ಸ್ವಾತಂತ್ರ್ಯಕ್ಕೆ ಕುಂದು ಬರಬಾರದು. ಮರಳಿ ಹೋಗುವೆನೆಂದು ತಿಳಿದು, ನಿರ್ಭಯಳಾಗಿ ನಿಶ್ಚಯಿಸಿದ ಹೆಂಡತಿಯನ್ನು ಅವಳ ಹಿತದ ಹೆಸರಿನಲ್ಲಿ ತಡೆಯುವುದೂ ಇನ್ನೊಂದು ಬಗೆಯ ಬಲಾತ್ಕಾರವೇ ಆದೀತು. ಇಷ್ಟರೊಳಗೆ ನಿಂತರೂ ಆಗ್ನೆಸ್ ಅವರ ಆಕ್ಷೇಪಕ್ಕೆ ಬಹುಪಾಲು ಸಮಾಧಾನ ದೊರೆಯುವುದೆಂದೂ, ಸಮಾಲೋಚನೆಯಿಂದ ನಿಜವಾಗಿ ಉಪಕೃತರಾಗಬಲ್ಲ ದಂಪತಿಗಳಿಗೆ ಅದು ಉಳಿಯುವುದೆಂದೂ ನನಗೆ ತೋರುತ್ತದೆ.

ಎರಡು ಪ್ರಶ್ನೆಗಳು ಉಳಿಯುತ್ತವೆ. ಅರ್ಜಿ ಹಿಂತೆಗೆದುಕೊಂಡ ದಿನದಂದೇ ಯಶಸ್ಸನ್ನು ಎಣಿಸಿಬಿಡುವುದು ಅಶಾಸ್ತ್ರೀಯ. ಆದರೆ ಒಂದುಗೂಡಿದ ದಂಪತಿಗಳ ಏಕಾಂತಕ್ಕೆ ಭಂಗ ತಾರದೆ ವರ್ಷಗಳವರೆಗೆ ಅವರ ಸ್ಥಿತಿಯನ್ನರಿಯುವ ಬಗೆ ಯಾವುದು? ಮತ್ತೊಂದು ಭಾಷೆಯ ಪ್ರಶ್ನೆ. ಕಲಬುರಗಿ, ವಿಜಯಪುರಗಳ ಕಡೆಯಿಂದ ದುಡಿಮೆಗಾಗಿ ಪುಣೆಗೆ ಬಂದ ಕುಟುಂಬಗಳಲ್ಲಿ ಗಂಡನಿಗೆ ಕೆಲಸದಿಂದ ಮರಾಠಿ ಬಂದು ಹೆಂಡತಿಗೆ ಕನ್ನಡವೊಂದೇ ಬರುವ ಸಂಭವವುಂಟು. ಅವಳ ನೋವನ್ನು ಅವನೇ ಅನುವಾದಿಸಬೇಕಾದೆಡೆ ಮೇಲೆ ಹೇಳಿದ ಯಾವ ರಕ್ಷಣೆಯೂ ಪೂರ್ಣವಾಗಲಾರದು. ಈ ಎರಡನ್ನೂ ಸಮಾಜಕಾರ್ಯದ ಅಭ್ಯಾಸಿಗಳು ಕ್ಷೇತ್ರಕ್ಕಿಳಿದು ಪರಿಶೀಲಿಸಬೇಕಾಗಿದೆ.