ಶಿಖರಕ್ಕೆ ಅನುಮತಿ ಕೊಡುವವರು ಯಾರು? ಮುಕುರ್ತಿ, ತೋಡರು ಮತ್ತು ಪ್ರವೇಶದ ಕಾನೂನು

ನೀಲಗಿರಿಯ ಪಶ್ಚಿಮ ಅಂಚಿನಲ್ಲಿ, ಹುಲ್ಲುಗಾವಲು ಮುಗಿದು ನೆಲ ಕೇರಳದ ಕಡೆಗೆ ಕಡಿದಾಗಿ ಇಳಿಯುವಲ್ಲಿ, 2,554 ಮೀಟರ್ ಎತ್ತರದ ಮುಕುರ್ತಿ ಶಿಖರವಿದೆ. ತೋಡರ ನಂಬಿಕೆಯಲ್ಲಿ ಸತ್ತವರ ಲೋಕ ಪಶ್ಚಿಮ ದಿಕ್ಕಿನದು. ಅಲ್ಲಿಗೆ ತೆರಳುವ ಮನುಷ್ಯರ ಆತ್ಮಗಳೂ ಎಮ್ಮೆಗಳ ಆತ್ಮಗಳೂ ಈ ಶಿಖರದಿಂದಲೇ ದಾಟುತ್ತವೆ ಎಂಬುದು ವಸಾಹತುಕಾಲದಿಂದ ದಾಖಲಾಗುತ್ತ ಬಂದ ಸಂಗತಿ. ಇಂದು ಈ ಶಿಖರ ರಾಷ್ಟ್ರೀಯ ಉದ್ಯಾನವೊಂದರ ಭಾಗ. ಚಾರಣಿಗನು ಅಲ್ಲಿಗೆ ಹೋಗಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಅರಣ್ಯ ಇಲಾಖೆಯದು. ಈ ಅಧಿಕಾರ ಹೇಗೆ ರೂಪುಗೊಂಡಿತು, ಅದರ ರಚನೆಯಲ್ಲಿ ತೋಡರ ಸ್ಥಾನವೇನು ಎಂಬುದು ಪ್ರಸ್ತುತ ಲೇಖನದ ವಿಷಯ.

ಕನ್ನಡ ಬಲ್ಲವರಿಗೆ ನೀಲಗಿರಿಯ ನಕಾಶೆ ಅಪರಿಚಿತವೆನಿಸದು. ದೊಡ್ಡಬೆಟ್ಟ, ಕೋಲಾರಿಬೆಟ್ಟ ಮೊದಲಾದ ಹೆಸರುಗಳಲ್ಲಿನ 'ಬೆಟ್ಟ' ನಮಗೆ ಸಲೀಸಾಗಿ ಅರ್ಥವಾಗುತ್ತದೆ. ಕನ್ನಡಕ್ಕೆ ಅತಿ ಸಮೀಪದ ನುಡಿಯನ್ನಾಡುವ ಬಡಗರು ಬಡಗಣ ಮೈಸೂರು ಸೀಮೆಯಿಂದ ಬಂದು ಇಲ್ಲಿ ನೆಲೆಸಿದ ಚರಿತ್ರೆ ಈ ಹೆಸರುಗಳ ಹಿಂದಿದೆ. ಆದರೆ ಈ ಸಲೀಸುತನವೇ ಮರೆವಿಗೂ ಕಾರಣವಾಗಬಲ್ಲದು. ನಕಾಶೆಯ ಹೆಸರಿನ ಕೆಳಗೆ ಬೇರೊಂದು ದ್ರಾವಿಡ ನುಡಿಯ, ಇಂದು ಸುಮಾರು 2,000 ಜನರ ಸಮುದಾಯವೊಂದರ, ಹೆಸರುಗಳ ಪದರವಿದೆ. 1906ರಲ್ಲಿ ಪ್ರಕಟವಾದ 'ದಿ ತೋಡಾಸ್' ಗ್ರಂಥದಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ತೋರಿಸಿದಂತೆ, ತೋಡರ ದೇವತೆಗಳು ನಿರ್ದಿಷ್ಟ ಬೆಟ್ಟಗಳಿಗೆ ಸೇರಿದವರು. ಇಲ್ಲಿ ಬೆಟ್ಟವು ದೇವತೆಯ ವಾಸಸ್ಥಾನ, ಎಮ್ಮೆಯ ಮೇವಿನ ನೆಲ ಮತ್ತು ಆತ್ಮದ ಹಾದಿ; ಈ ಮೂರನ್ನೂ ಬೇರ್ಪಡಿಸಿ ನೋಡಲಾಗದು.

ವಸಾಹತು ಆಡಳಿತವು ಬೇರ್ಪಡಿಸಿಯೇ ನೋಡಿತು. 1819ರಲ್ಲಿ ನೀಲಗಿರಿಯನ್ನೇರಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಮುಂದೆ ತೋಡರೇ ಈ ನೆಲದ ಒಡೆಯರೆಂದು ವಾದಿಸಿದನು. ಮದರಾಸಿನ ಗವರ್ನರ್ ಲಷಿಂಗ್ಟನ್ನನ ಸರ್ಕಾರಕ್ಕೆ ಈ ವಾದ ಒಪ್ಪಿಗೆಯಾಗಲಿಲ್ಲ. ತೋಡರಿಗಿರುವುದು ಮೇಯಿಸುವ ಹಕ್ಕು ಮಾತ್ರ, ಒಡೆತನವಲ್ಲ ಎಂಬುದು ಅದರ ನಿಲುವು. ಮುಂದಿನ ಕಾನೂನುಗಳು ಈ ಎರಡನೆಯ ನಿಲುವಿನ ಮೇಲೆಯೇ ನಿಂತವು. 1879ರ ನೀಲಗಿರಿ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯ್ದೆಯು ಬೇಟೆಯ ಋತುವನ್ನೂ ಪರವಾನಗಿಯನ್ನೂ ನಿಯಮಕ್ಕೊಳಪಡಿಸಿತು. 1882ರ ಮದರಾಸು ಅರಣ್ಯ ಕಾಯ್ದೆಯು ಕಾಯ್ದಿಟ್ಟ ಅರಣ್ಯದ ಚೌಕಟ್ಟನ್ನು ಒದಗಿಸಿತು. ಹೊರಗಿನಿಂದ ಬರುವವನಿಗೆ ಚೀಟಿ, ಒಳಗಿರುವವನಿಗೆ ರಿಯಾಯಿತಿ ಎಂಬ ವಿನ್ಯಾಸವು ಹೀಗೆ ಸಿದ್ಧವಾಯಿತು. ಚೀಟಿಯಾದರೆ ಹಣ ತೆತ್ತವನಿಗೆ ಸಲ್ಲುವ ಹಕ್ಕು. ರಿಯಾಯಿತಿಯಾದರೋ ಕೊಟ್ಟವರು ಹಿಂದೆಗೆದುಕೊಳ್ಳಬಹುದಾದದ್ದು.

ಸ್ವಾತಂತ್ರ್ಯಾನಂತರ ಉದ್ದೇಶ ಬದಲಾಯಿತು, ವಿನ್ಯಾಸ ಉಳಿಯಿತು. ನೀಲಗಿರಿ ವರಯಾಡಿನ ರಕ್ಷಣೆಗೆಂದು ಮುಕುರ್ತಿ ಪ್ರದೇಶವನ್ನು 1982ರಲ್ಲಿ ಅಭಯಾರಣ್ಯವನ್ನಾಗಿ, 1990ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಲಾಯಿತು. ಅದರ ವಿಸ್ತೀರ್ಣ 78.46 ಚದರ ಕಿಲೋಮೀಟರ್. ಇಲ್ಲಿ ಅನ್ವಯವಾಗುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡು ವಿಧಿಗಳನ್ನು ಜೊತೆಯಾಗಿಟ್ಟು ಓದಬೇಕು. 28ನೆಯ ವಿಧಿಯು ಪ್ರವೇಶಕ್ಕೆ ಅನುಮತಿ ನೀಡಬಹುದಾದ ಉದ್ದೇಶಗಳನ್ನು ಹೆಸರಿಸುತ್ತದೆ: ಸಂಶೋಧನೆ, ಛಾಯಾಗ್ರಹಣ, ಪ್ರವಾಸ ಇತ್ಯಾದಿ. 35ನೆಯ ವಿಧಿಯ 7ನೆಯ ಉಪವಿಧಿಯು ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸುವುದನ್ನು ನಿಷೇಧಿಸುತ್ತದೆ. ಅಧಿಕೃತವಾಗಿ ಪ್ರವೇಶಿಸುವವನ ವಾಹನವಾಗಿ ಬಳಕೆಯಾಗುವ ಪಶುವಿಗೆ ಮಾತ್ರ ವಿನಾಯಿತಿ. ಕಾಯ್ದೆಯ ದೃಷ್ಟಿಯಲ್ಲಿ ಮುಕುರ್ತಿಗೆ ಪ್ರವಾಸಿಯು ಬರಬಹುದಾದವನು, ಅವನನ್ನು ಹೊತ್ತ ಪಶುವೂ ಬರಬಹುದು. ತೋಡರ ಎಮ್ಮೆ ಮೇಯಲು ಬರುವಂತಿಲ್ಲ. ಸತ್ತ ಎಮ್ಮೆಗಿರುವ ಹಾದಿ ಬದುಕಿರುವ ಎಮ್ಮೆಗಿಲ್ಲ.

2018ರ ಮಾರ್ಚ್‌ನಲ್ಲಿ ತೇನಿ ಜಿಲ್ಲೆಯ ಕುರಂಗಣಿಯ ಕಾಡ್ಗಿಚ್ಚಿನಲ್ಲಿ 20ಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡ ಬಳಿಕ ತಮಿಳುನಾಡು ಸರ್ಕಾರವು ಚಾರಣ ನಿಯಂತ್ರಣ ನಿಯಮಗಳನ್ನು ಹೊರಡಿಸಿತು. ಅವು ಹಾದಿಗಳನ್ನು ಸುಲಭ, ಮಧ್ಯಮ, ಕಠಿಣ ಎಂದು ವಿಂಗಡಿಸುತ್ತವೆ. ಅಷ್ಟು ಜೀವಗಳು ಹೋದ ಮೇಲೆ ಈ ಎಚ್ಚರ ಅಗತ್ಯವೇ ಆಗಿತ್ತು. ಆದರೆ ಈ ವರ್ಗೀಕರಣದ ಅಳತೆಗೋಲು ಏರುವವನ ಶ್ರಮ. ಏರಲ್ಪಡುವ ಬೆಟ್ಟ ಯಾರದೆಂಬುದು ಅಲ್ಲ.

ಇದೇ ವರ್ಷದ ನವೆಂಬರ್ 30ರಂದು ಕೇರಳ ಹೈಕೋರ್ಟು ತಿರುವನಂತಪುರ ಜಿಲ್ಲೆಯ ಅಗಸ್ತ್ಯಕೂಟದ ಬಗ್ಗೆ ತೀರ್ಪು ಕೊಟ್ಟಿತು. ಲಿಂಗವೊಂದನ್ನೇ ಆಧಾರವಾಗಿಟ್ಟುಕೊಂಡು ಸ್ತ್ರೀಯರನ್ನು ಚಾರಣದಿಂದ ಹೊರಗಿಡಲಾಗದೆಂದು ಅದು ಹೇಳಿತು. ಆ ಶಿಖರವನ್ನು ಪವಿತ್ರವೆಂದು ಭಾವಿಸುವ ಕಾಣಿ ಬುಡಕಟ್ಟಿನವರು ಸ್ತ್ರೀಯರ ಆರೋಹಣವನ್ನು ವಿರೋಧಿಸಿದ್ದರು. ಸಂದರ್ಶಕರ ನಡುವಿನ ಸಮಾನತೆಯ ದೃಷ್ಟಿಯಿಂದ ತೀರ್ಪು ಸಮರ್ಥನೀಯ. ಪುರುಷ ಪ್ರವಾಸಿಗೆ ತೆರೆದ ಹಾದಿಯನ್ನು ಸ್ತ್ರೀಗೆ ಮುಚ್ಚಲು ಇಲಾಖೆಗೆ ನ್ಯಾಯವಾದ ಕಾರಣವಿರಲಿಲ್ಲ. ಆದರೂ ಚಾರಣಿಗರಲ್ಲಿ ಯಾರಿಗೆ ಪ್ರವೇಶ ಎಂಬುದು ಒಂದು ಪ್ರಶ್ನೆ. ಚಾರಣಕ್ಕೆ ಪ್ರವೇಶವಿರಬೇಕೇ, ಅದನ್ನು ನಿರ್ಧರಿಸುವವರು ಯಾರು ಎಂಬುದು ಅದಕ್ಕಿಂತ ಹಿಂದಿನ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ದೊರೆತ ಮಾತ್ರಕ್ಕೆ ಎರಡನೆಯದು ಇತ್ಯರ್ಥವಾದಂತಲ್ಲ.

ಈ ಎರಡನೆಯ ಪ್ರಶ್ನೆಗೆ ನೇರ ಉತ್ತರ ಕೊಟ್ಟ ನಿದರ್ಶನ ಆಸ್ಟ್ರೇಲಿಯಾದ್ದು. ಆ ದೇಶದೊಡನೆ ನಮ್ಮ ಬೆಟ್ಟಗಳಿಗೆ ಒಂದು ವಿಚಿತ್ರ ನಂಟೂ ಇದೆ: ತೋಡರ ಹುಲ್ಲುಗಾವಲನ್ನು ನುಂಗಿದ ವಾಟಲ್ ಮತ್ತು ಯೂಕಲಿಪ್ಟಸ್ ಅಲ್ಲಿಂದ ಬಂದವು, ಎರಡನೆಯದನ್ನು ನಾವು ಕನ್ನಡದಲ್ಲಿ 'ನೀಲಗಿರಿ' ಎಂದೇ ಕರೆಯುತ್ತೇವೆ. ಮಧ್ಯ ಆಸ್ಟ್ರೇಲಿಯಾದ ಉಲುರು ಬಂಡೆಗೆ 1873ರಲ್ಲಿ ಭೂಮಾಪಕ ವಿಲಿಯಂ ಗಾಸ್ 'ಏಯರ್ಸ್ ರಾಕ್' ಎಂದು ಹೆಸರಿಟ್ಟನು. 1960ರ ದಶಕದಲ್ಲಿ ಪ್ರವಾಸಿಗರು ಹತ್ತಲು ಸರಪಳಿ ಹಾಕಲಾಯಿತು. 1985ರ ಅಕ್ಟೋಬರ್ 26ರಂದು ಆ ನೆಲದ ಒಡೆತನವು ಅನಂಗು ಜನರಿಗೆ ಮರಳಿತು. ಅವರು ಅದನ್ನು ಉದ್ಯಾನಕ್ಕಾಗಿ 99 ವರ್ಷಗಳ ಗುತ್ತಿಗೆಗೆ ಕೊಟ್ಟರು. ಆಗಲೂ ಆರೋಹಣ ನಿಲ್ಲಲಿಲ್ಲ. ಹತ್ತಬೇಡಿರೆಂಬ ವಿನಂತಿಯ ಫಲಕವಷ್ಟೇ ಬಹುಕಾಲ ಇತ್ತು. ಅನಂಗು ಬಹುಮತದ ಆಡಳಿತ ಮಂಡಳಿಯು 2017ರಲ್ಲಿ ನಿರ್ಧರಿಸಿದಂತೆ 2019ರ ಅಕ್ಟೋಬರ್ 26ರಿಂದ ಆರೋಹಣ ನಿಂತಿತು. ಪ್ರವಾಸಿಗರು ಈಗಲೂ ಬರುತ್ತಾರೆ, ಬಂಡೆಯ ಸುತ್ತ ನಡೆಯುತ್ತಾರೆ. ಒಡೆತನ ಮರಳಿದ ದಿನಕ್ಕೂ ಆರೋಹಣ ನಿಂತ ದಿನಕ್ಕೂ ನಡುವೆ 34 ವರ್ಷಗಳ ಅಂತರವಿದೆ. ಪಟ್ಟೆ ಕೈಗೆ ಬಂದೊಡನೆ ಪ್ರವೇಶದ ಅಧಿಕಾರವೂ ಬರುತ್ತದೆಂಬ ಭರವಸೆಯಿಲ್ಲ ಎಂಬುದು ಇದರಿಂದ ಸ್ಪಷ್ಟ.

ಭಾರತದಲ್ಲಿ ಈ ಅಧಿಕಾರದ ಬೀಜ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿದೆ. ಅದು 'ಸಮುದಾಯ ಅರಣ್ಯ ಸಂಪನ್ಮೂಲ'ವನ್ನು ನಿರೂಪಿಸುವಾಗ ಪಶುಪಾಲಕರು ಋತುಮಾನಕ್ಕೆ ಅನುಗುಣವಾಗಿ ಬಳಸುವ ಭೂಪ್ರದೇಶವನ್ನೂ ರಾಷ್ಟ್ರೀಯ ಉದ್ಯಾನಗಳನ್ನೂ ಒಳಗೊಳ್ಳುತ್ತದೆ. 5ನೆಯ ವಿಧಿಯಡಿ ಆ ಸಂಪನ್ಮೂಲಕ್ಕೆ ಪ್ರವೇಶವನ್ನು ನಿಯಂತ್ರಿಸಲು ಗ್ರಾಮಸಭೆ ಕೈಗೊಂಡ ನಿರ್ಣಯಗಳು ಪಾಲನೆಯಾಗುವಂತೆ ನೋಡಿಕೊಳ್ಳುವ ಅಧಿಕಾರವಿದೆ. ಪ್ರವೇಶದ ನಿಯಂತ್ರಣ ಎಂಬ ಮಾತು ಇಲ್ಲಿ ಇಲಾಖೆಯ ಬಾಯಿಂದ ಸಮುದಾಯದ ಬಾಯಿಗೆ ದಾಟಿದೆ. ಗ್ರಾಮಸಭೆಯೆಂದರೆ ಸ್ತ್ರೀಯರ ಪೂರ್ಣ, ಅನಿರ್ಬಂಧಿತ ಪಾಲ್ಗೊಳ್ಳುವಿಕೆಯಿರುವ ಸಭೆ ಎಂದೂ ಕಾಯ್ದೆ ವಿವರಿಸುತ್ತದೆ. ಅಗಸ್ತ್ಯಕೂಟವು ಎಬ್ಬಿಸಿದ ಆತಂಕಕ್ಕೆ ಉತ್ತರವನ್ನು ಇಲ್ಲಿಂದಲೇ ಹುಡುಕಬೇಕು. 2013ರ ನಿಯಮಗಿರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಡೊಂಗ್ರಿಯಾ ಕೊಂಧರ ಧಾರ್ಮಿಕ ಹಕ್ಕಿನ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಟ್ಟಿತು. 12 ಸಭೆಗಳೂ ಗಣಿಗಾರಿಕೆಯನ್ನು ತಿರಸ್ಕರಿಸಿದವು. ಚಾರಣವು ಗಣಿಯಲ್ಲ, ನಿಜ. ಆದರೆ ಬೆಟ್ಟದ ಪಾವಿತ್ರ್ಯದ ವಿಷಯದಲ್ಲಿ ಮೊದಲು ಕೇಳಬೇಕಾದ ಮಾತು ಯಾರದೆಂಬ ತತ್ತ್ವ ಎರಡಕ್ಕೂ ಒಂದೇ.

ಹಕ್ಕು ಸಾಬೀತಾಗಬೇಕಾದರೆ ಪುರಾವೆ ಬೇಕು. ಕಾಯ್ದೆಯಡಿಯ ನಿಯಮಗಳು ಹಿರಿಯರ ಲಿಖಿತ ಹೇಳಿಕೆಯನ್ನೂ, ಪವಿತ್ರ ಸ್ಥಳ ಮತ್ತು ಶ್ಮಶಾನಗಳನ್ನೂ, ಪ್ರತಿಷ್ಠಿತ ಸಂಸ್ಥೆಗಳ ಸಂಶೋಧನೆಯನ್ನೂ ಪುರಾವೆಯಾಗಿ ಒಪ್ಪುತ್ತವೆ. ಈ ದೃಷ್ಟಿಯಿಂದ ರಿವರ್ಸ್‌ನ ಗ್ರಂಥ, ಎಂ. ಬಿ. ಎಮಿನೋ 1971ರಲ್ಲಿ ಪ್ರಕಟಿಸಿದ ತೋಡ ಹಾಡುಗಳ ಸಂಕಲನ, ತರುಣ್ ಛಾಬ್ರಾ ಅವರ 2015ರ 'ದಿ ತೋಡ ಲ್ಯಾಂಡ್‌ಸ್ಕೇಪ್' ಪಾಂಡಿತ್ಯದ ಆಸ್ತಿ ಮಾತ್ರವಾಗಿ ಉಳಿಯುವುದಿಲ್ಲ. ಅವುಗಳಲ್ಲಿನ ಸ್ಥಳನಾಮಗಳು ಹಕ್ಕುದಾವೆಯ ಸಾಕ್ಷ್ಯವಾಗಬಲ್ಲವು. ನೀಲಗಿರಿಯ ಕನ್ನಡವನ್ನೂ ಬಡಗ ನುಡಿಯನ್ನೂ ಅಭ್ಯಸಿಸುವವರು ಬೆಟ್ಟವೊಂದರ ಹೆಸರನ್ನು ಬರೆದುಕೊಳ್ಳುವಾಗ ಅದರ ತೋಡ ಹೆಸರನ್ನೂ, ಹೇಳಿದ ಹಿರಿಯರ ಮಂದನ್ನೂ, ದಿನಾಂಕವನ್ನೂ ಜೊತೆಗೆ ದಾಖಲಿಸುವುದು ಆದ್ದರಿಂದ ಕೇವಲ ಶಿಸ್ತಿನ ಮಾತಲ್ಲ. ಮುಂದೊಂದು ದಿನ ಗ್ರಾಮಸಭೆಯ ಮುಂದೆ ಆ ಹಾಳೆಯೇ ಬೇಕಾಗಬಹುದು.