ಕಾರಿನೊಳಗಿನ ಕಂಪ್ಯೂಟರು: ಅಗ್ಗವಾದದ್ದು ಯಾವುದು, ಆಗದ್ದು ಯಾವುದು

ಕಾರಿನೊಳಗೆ ತಾವೇ ಕಂಪ್ಯೂಟರ್ ಕಟ್ಟಿ ಕೂರಿಸುವ ಹವ್ಯಾಸಕ್ಕೆ ಈಗ ಕಾಲು ಶತಮಾನ ತುಂಬಿದೆ. ಇದರ ಕಥೆ ಹೇಳುವವರು ಸಾಮಾನ್ಯವಾಗಿ ಪ್ರೊಸೆಸರಿನಿಂದ ಪ್ರೊಸೆಸರಿಗೆ ಜಿಗಿಯುತ್ತ ಹೋಗುತ್ತಾರೆ. ಹಾಗೆ ನೋಡಿದರೆ ಇದು ಬೆಲೆ ಇಳಿಯುತ್ತಲೇ ಬಂದ ಕಥೆ. 1998ರ ಕೊನೆಯಲ್ಲಿ ಅಮೆರಿಕದ ಅಂಗಡಿಗೆ ಬಂದ, ಮೈಕ್ರೋಸಾಫ್ಟಿನ ವಿಂಡೋಸ್ ಸಿಇ ಹೊತ್ತ ಕ್ಲೇರಿಯನ್ ಆಟೋಪಿಸಿಗೆ ಸುಮಾರು 1,300 ಡಾಲರ್. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈಗೆ 35 ಡಾಲರ್. ಆದರೆ ಕಟ್ಟಿದವರು ಎಲ್ಲಿ ಕೈಸುಟ್ಟುಕೊಂಡರು ಎಂದು ಹುಡುಕುತ್ತ ಹೋದರೆ ಬೇರೆಯದೇ ಚರಿತ್ರೆ ಸಿಗುತ್ತದೆ. ಲೆಕ್ಕ ಮಾಡುವ ಶಕ್ತಿ ಅಗ್ಗವಾಯಿತು. ಬ್ಯಾಟರಿಯಿಂದ ಬೋರ್ಡಿಗೆ ಬರುವ ವೈರಿನ ತಾಪತ್ರಯ ಇದ್ದ ಹಾಗೇ ಉಳಿಯಿತು. ದುಡ್ಡು ಕಡಿಮೆಯಿರುವವರು ಬೋರ್ಡಿನಲ್ಲಿ ಚೌಕಾಸಿ ಮಾಡಲಿ, ಪರದೆಯಲ್ಲಿ ಮಾಡಲಿ, ವಿದ್ಯುತ್ತಿನಲ್ಲಿ ಮಾತ್ರ ಬೇಡ ಎನ್ನುವುದು ನನ್ನ ವಾದ.

ಮೊದಲ ತಲೆಮಾರಿನ ಕಂಪನಿಗಳಿಗೆ ಇದು ಗೊತ್ತಿತ್ತು. ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಎಂಪೆಗ್ ಎಂಬ ಪುಟ್ಟ ಕಂಪನಿ 1999ರಲ್ಲಿ ಹೊರತಂದ ಪ್ಲೇಯರ್, ಲಿನಕ್ಸ್ ಓಡಿಸುವ ಪೂರ್ಣ ಪ್ರಮಾಣದ ಕಂಪ್ಯೂಟರೇ ಆಗಿತ್ತು. ಸ್ಟ್ರಾಂಗ್‌ಆರ್ಮ್ ಚಿಪ್ಪು, ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕು, ಎಲ್ಲವೂ ಕಾರಿನ ಸ್ಟೀರಿಯೊ ಕೂರುವ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಗೂಡಿನೊಳಗೆ. ಕಾರಿನ ಕರೆಂಟಿಗೆಂದೇ ರೂಪಿಸಿದ ಯಂತ್ರವದು. ಅದಕ್ಕೆ ದುಡ್ಡು ಸಾಲದವರು ಮನೆಯ ಹಳೆಯ ಪಿಸಿಯನ್ನು ಡಿಕ್ಕಿಯಲ್ಲಿಟ್ಟು, ಇನ್ವರ್ಟರ್ ಸಿಕ್ಕಿಸಿದರು. ಬ್ಯಾಟರಿಯ 12 ವೋಲ್ಟನ್ನು ಮನೆಯ ಕರೆಂಟಿನ ಮಟ್ಟಕ್ಕೆ ಏರಿಸುವುದು, ಪಿಸಿಯ ಎಸ್‌ಎಂಪಿಎಸ್ ಅದನ್ನೇ ಮತ್ತೆ 12 ಮತ್ತು 5 ವೋಲ್ಟಿಗೆ ಇಳಿಸುವುದು. ಏರಿಸುವಾಗ ನೂರರಲ್ಲಿ ಎಂಬತ್ತೈದು, ಇಳಿಸುವಾಗ ಎಪ್ಪತ್ತು ಪಾಲು ಉಳಿದರೂ ಕೊನೆಗೆ ಕೈಗೆ ಸಿಗುವುದು ಅರವತ್ತೇ. ಮಿಕ್ಕದ್ದು ಡಿಕ್ಕಿಯನ್ನು ಬಿಸಿ ಮಾಡುತ್ತದೆ. ಅಗ್ಗದ ದಾರಿ ಅಂದಿನಿಂದಲೂ ಹೀಗೆ ಸುತ್ತಿ ಬಳಸಿ ಹೋಗುತ್ತದೆ.

ತೈವಾನಿನ ವಿಯಾ ಕಂಪನಿಯ ಮಿನಿ-ಐಟಿಎಕ್ಸ್ ಬೋರ್ಡು 2002ರಲ್ಲಿ ಮಾರುಕಟ್ಟೆಗೆ ಬಂದಾಗ ಹವ್ಯಾಸಕ್ಕೆ ನಿಜವಾದ ಕಳೆ ಬಂತು. 17 ಸೆಂ.ಮೀ. ಚೌಕದ ಎಪಿಯಾ ಬೋರ್ಡು ಸೀಟಿನಡಿಗೂ ಹಿಡಿಸುತ್ತಿತ್ತು, ಏಳು ಇಂಚಿನ ಲಿಲಿಪುಟ್ ಟಚ್‌ಸ್ಕ್ರೀನ್ ಡ್ಯಾಶ್‌ಬೋರ್ಡಿನಲ್ಲಿ. ಎಲ್ಲರ ಕಣ್ಣು ಇವೆರಡರ ಮೇಲಿದ್ದರೂ ಆ ಕಾಲದ ನಿಜವಾದ ಆವಿಷ್ಕಾರ ಅಂಗೈಯಗಲದ ಇನ್ನೊಂದು ಬೋರ್ಡು: 6ರಿಂದ 24 ವೋಲ್ಟಿನವರೆಗೆ ಏನು ಬಂದರೂ ನುಂಗಿ ಕಂಪ್ಯೂಟರಿಗೆ ಬೇಕಾದ್ದನ್ನು ಕೊಡುವ ಎಂ2-ಎಟಿಎಕ್ಸ್. ಇದರ ಬೆಲೆ ತಿಳಿಯಬೇಕಾದರೆ ಕೀಲಿ ತಿರುಗಿಸುವ ಒಂದು ಕ್ಷಣವನ್ನು ಹತ್ತಿರದಿಂದ ನೋಡಬೇಕು. ಕೀಲಿಯ ಮೊದಲ ತಿರುವಿನಲ್ಲಿ ಆಕ್ಸೆಸರಿ ಲೈನಿಗೆ ಕರೆಂಟು ಬರುತ್ತದೆ, ಕಂಪ್ಯೂಟರ್ ಏಳತೊಡಗುತ್ತದೆ. ಮುಂದಿನ ತಿರುವಿನಲ್ಲಿ ಸ್ಟಾರ್ಟರ್ ಮೋಟಾರು ಸೆಳೆಯುವ ರಭಸಕ್ಕೆ ಬ್ಯಾಟರಿಯ ವೋಲ್ಟೇಜು 9ಕ್ಕೋ, ಚಳಿಯ ಬೆಳಗಿನಲ್ಲಿ ಇನ್ನೂ ಕೆಳಕ್ಕೋ ಕುಸಿಯುತ್ತದೆ. ಬಹಳಷ್ಟು ಕಾರುಗಳಲ್ಲಿ ಆ ಹೊತ್ತಿಗೆ ಆಕ್ಸೆಸರಿ ಲೈನು ಪೂರ್ತಿ ಕಡಿದೇ ಹೋಗುತ್ತದೆ. ಅರ್ಧ ಎದ್ದಿದ್ದ ಕಂಪ್ಯೂಟರ್ ಧೊಪ್ಪನೆ ಬೀಳುತ್ತದೆ. ಎಂಜಿನ್ ಹತ್ತಿದ ಮೇಲೆ ಆಲ್ಟರ್ನೇಟರ್ 14 ವೋಲ್ಟಿನ ಆಸುಪಾಸು ಕೊಡುತ್ತದೆ. ಓಡುವಾಗ ಬ್ಯಾಟರಿಯ ಟರ್ಮಿನಲ್ ಸಡಿಲವಾದರೆ ಕ್ಷಣಮಾತ್ರಕ್ಕೆ ಅದರ ಹಲವು ಪಟ್ಟು ಏರಬಲ್ಲದು. ಈ ಬೋರ್ಡು ಕೀಲಿ ಕಳಚಿದ ಮೇಲೂ ಸ್ವಲ್ಪ ಹೊತ್ತು ಕಾದು, ಕಂಪ್ಯೂಟರನ್ನು ಕ್ರಮವಾಗಿ ಮಲಗಿಸಿ, ಆಮೇಲೆ ಸಂಪರ್ಕ ಕಡಿಯುತ್ತಿತ್ತು. ಬ್ಯಾಟರಿ ಸೋಲುವ ಮಟ್ಟಕ್ಕಿಳಿದರೆ ತಾನೇ ಕೈಬಿಡುತ್ತಿತ್ತು.

ಪೈ ಬಂದ ಮೇಲೆ ಈ ಪಾಠ ಅರ್ಧ ಮರೆತುಹೋಯಿತು. 2012ರಲ್ಲೇ ಬಂದ ನೆಕ್ಸಸ್ 7 ಟ್ಯಾಬ್ಲೆಟ್ಟನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿದವರು ಒಂದು ಲೆಕ್ಕದಲ್ಲಿ ಜಾಣರು, ಅದಕ್ಕೆ ತನ್ನದೇ ಬ್ಯಾಟರಿಯಿದೆ. ಪೈಗೆ ಅದಿಲ್ಲ. ಸಿಗರೇಟ್ ಲೈಟರಿಗೆ ಚುಚ್ಚುವ ಅಗ್ಗದ ಚಾರ್ಜರಿನಲ್ಲಿ ಅದು ಓಡುತ್ತದೆ ನಿಜ. ಕೀಲಿ ಕಳಚಿದೊಡನೆ ಬರೆಯುತ್ತಿದ್ದ ವಾಕ್ಯದ ನಡುವೆಯೇ ಪ್ರಾಣ ಬಿಡುತ್ತದೆ, ಎಸ್‌ಡಿ ಕಾರ್ಡು ಕೆಲವೇ ತಿಂಗಳಲ್ಲಿ ಕೆಡಬಹುದು. ಇದು ಬಡಪಾಯಿ ಹವ್ಯಾಸಿಗಳ ಗೋಳು ಮಾತ್ರವೆಂದು ತಿಳಿಯಬೇಕಿಲ್ಲ. 2021ರಲ್ಲಿ ಟೆಸ್ಲಾ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು; ಪರದೆಯ ಹಿಂದಿದ್ದ 8 ಜಿಬಿಯ ಫ್ಲ್ಯಾಶ್ ಮೆಮರಿ ಬರೆದೂ ಬರೆದೂ ಸವೆದು, ರಿವರ್ಸ್ ಕ್ಯಾಮೆರಾದ ಚಿತ್ರವೇ ಮಾಯವಾಗುತ್ತಿತ್ತು. ಪೈಯ ಕಾರ್ಡನ್ನು ಓದಲಷ್ಟೇ ಬರುವಂತೆ ಬಿಗಿಯುವುದಕ್ಕೆ ಕಾಸು ಖರ್ಚಿಲ್ಲ. ಕೀಲಿಯ ಸ್ಥಿತಿ ನೋಡಿ ಪೈಯನ್ನು ಮಲಗಿಸುವ ಒಳ್ಳೆಯ ಬೋರ್ಡಿಗೆ ಮಾತ್ರ ಪೈಯಷ್ಟೇ ದುಡ್ಡು ಬೇಕಾಗುವುದುಂಟು. ಮೂಗಿಗಿಂತ ಮೂಗುತಿ ಭಾರ ಎಂದು ಇಲ್ಲಿ ಹಿಂದೆಗೆಯುವವರು ಒಂದು ಸಣ್ಣ ಲೆಕ್ಕ ಹಾಕಬೇಕು. ಪೈ ಮತ್ತು ಪರದೆ ಸೇರಿ 6 ವಾಟ್ ಎಳೆದರೆ 12 ವೋಲ್ಟಿನಲ್ಲಿ ಅರ್ಧ ಆಂಪಿಯರ್. ಶುಕ್ರವಾರ ರಾತ್ರಿ ಆರಿಸದೆ ನಿಲ್ಲಿಸಿದ ಕಾರು ಭಾನುವಾರ ರಾತ್ರಿಗೆ 24 ಆಂಪಿಯರ್-ಗಂಟೆ ಕಳೆದುಕೊಂಡಿರುತ್ತದೆ. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 35. ಸೋಮವಾರ ತಳ್ಳಬೇಕು.

ಇಷ್ಟೆಲ್ಲ ಯಾಕೆ, ಜೇಬಿನಲ್ಲಿ ಫೋನಿಲ್ಲವೇ ಎಂಬ ಆಕ್ಷೇಪ ಬಲವಾದದ್ದೇ. 2014ರಲ್ಲಿ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಪ್ರಕಟವಾದ ಮೇಲೆ ಹಾಡು ಮತ್ತು ನಕಾಶೆಗಾಗಿ ಕಂಪ್ಯೂಟರ್ ಕಟ್ಟುವುದಕ್ಕೆ ಅರ್ಥ ಉಳಿದಿಲ್ಲ. ಅದನ್ನು ಒಪ್ಪಿಬಿಡುವುದು ಒಳ್ಳೆಯದು. ಫೋನಿಗೆ ದಾರಿ ಗೊತ್ತು, ಎಂಜಿನ್ನಿನ ಮನಸ್ಸು ತಾನಾಗಿ ಗೊತ್ತಿಲ್ಲ. ಎಂಜಿನ್ನಿನ ಸ್ಥಿತಿ ಓದಲು ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ ಒಬಿಡಿ-2 ಸಾಕೆಟ್ಟು ನಮ್ಮ ಕಾರುಗಳ ಸ್ಟೀರಿಂಗ್ ಕೆಳಗೂ ಈಗ ಸಾಮಾನ್ಯ. ಅದಕ್ಕೆ ಇಎಲ್‌ಎಂ327 ಅಡಾಪ್ಟರ್ ಚುಚ್ಚಿ 0105 ಎಂದು ಕಳಿಸಿದರೆ 41 05 7ಬಿ ಎಂಬಂಥ ಉತ್ತರ ಬರುತ್ತದೆ. ಕೊನೆಯ 7ಬಿ ಹದಿನಾರರ ಎಣಿಕೆಯದು (ಹೆಕ್ಸಾಡೆಸಿಮಲ್), ನಮ್ಮ ಎಣಿಕೆಯಲ್ಲಿ 123. ಅದರಲ್ಲಿ 40 ಕಳೆದರೆ ಎಂಜಿನ್ನಿನ ನೀರಿನ ಬಿಸಿ 83 ಡಿಗ್ರಿ. ಟೆಂಪರೇಚರ್ ಮುಳ್ಳನ್ನೇ ತೆಗೆದುಹಾಕಿ ಒಂದು ಕೆಂಪು ದೀಪ ಕೊಟ್ಟ ಸಣ್ಣ ಕಾರಿನವರಿಗೆ ಘಾಟಿ ಹತ್ತುವಾಗ ಈ ಅಂಕಿ ದೊಡ್ಡ ಮಾತು. ಫೋನಿನ ಆ್ಯಪಿನಲ್ಲೂ ಇದು ಕಾಣುತ್ತದೆ, ಹೌದು. ಆದರೆ ಯಾರೂ ಆ್ಯಪ್ ತೆರೆಯದ ದಿನವೂ ಬಿಡದೆ ಬರೆದಿಟ್ಟು, ಕಳೆದ ವರ್ಷದ ಬೇಸಿಗೆಗೂ ಈ ಬೇಸಿಗೆಗೂ ಹೋಲಿಸಿ ತೋರಿಸಲು ಕಾರಿನಲ್ಲೇ ನೆಲೆಸಿದ ಯಂತ್ರ ಬೇಕು. ಅದಕ್ಕೆ ಪರದೆಯೂ ಬೇಡ ಎಂಬುದು ಬಜೆಟ್ಟಿನವರಿಗೆ ಸಿಹಿಸುದ್ದಿ.

ಕಾರಿನ ಜಾಲಕ್ಕೆ ಹೊರಗಿನ ಯಂತ್ರ ಜೋಡಿಸುವುದು ಅಪಾಯವಲ್ಲವೇ? 2015ರಲ್ಲಿ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಚೆರೋಕಿಯನ್ನು ದೂರದಿಂದ ಹತೋಟಿಗೆ ತೆಗೆದುಕೊಂಡು ತೋರಿಸಿದ ಮೇಲೆ 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಲಾಯಿತು. ಅಲ್ಲಿ ಬಾಗಿಲಾದದ್ದು ಕಂಪನಿಯೇ ಕೂರಿಸಿದ್ದ, ಇಂಟರ್‌ನೆಟ್ಟಿಗೆ ತೆರೆದಿದ್ದ ಸ್ಟೀರಿಯೊ. ಮನೆಯಲ್ಲಿ ಕಟ್ಟಿದ್ದಕ್ಕೂ ಅದೇ ಎಚ್ಚರ: ಎಂಜಿನ್ ಓದುವ ಯಂತ್ರಕ್ಕೆ ಸಿಮ್ ಹಾಕದಿರುವುದು, 1234 ಎಂಬ ಪಿನ್ನಿನ ಬ್ಲೂಟೂತ್ ಅಡಾಪ್ಟರಿಗಿಂತ ತಂತಿಯದನ್ನು ಆರಿಸುವುದು.

ಕೊನೆಯ ಆಕ್ಷೇಪ, ಚೀನಾದ ಆಂಡ್ರಾಯ್ಡ್ ಸ್ಟೀರಿಯೊ ಕೊಂಡು ಕೂರಿಸಿದರೆ ಮುಗಿಯಿತಲ್ಲ ಎಂಬುದು. ಬೆಂಗಳೂರಿನಲ್ಲಿ ಬೋರ್ಡು ಹುಡುಕುವವರು ಎಸ್.ಪಿ. ರಸ್ತೆಗೆ, ಇದನ್ನು ಹುಡುಕುವವರು ಜೆ.ಸಿ. ರಸ್ತೆಗೆ ಹೋಗುತ್ತಾರೆ, ನಡೆದು ಹೋಗುವಷ್ಟೇ ದೂರ. ವೇಗದ ಕೆಲಸವೆಂಬುದೇನೋ ಸರಿ. ಆದರೆ ಆ ಸ್ಟೀರಿಯೊದ ಬೆನ್ನಿನಿಂದಲೂ ಹಳದಿ, ಕೆಂಪು, ಕಪ್ಪು ವೈರುಗಳೇ ಇಳಿಬಿದ್ದಿರುತ್ತವೆ: ಹಳದಿ ಸದಾ ಬ್ಯಾಟರಿಗೆ, ಕೆಂಪು ಕೀಲಿಯ ಆಕ್ಸೆಸರಿಗೆ, ಕಪ್ಪು ಕಾರಿನ ಲೋಹದ ಮೈಗೆ. ಕೆಂಪಿನ ಲೈನು ಹುಡುಕಲು ಬೇಸರಪಟ್ಟವರು ಹಳದಿ, ಕೆಂಪು ಎರಡನ್ನೂ ಸೇರಿಸಿ ಹೊಸೆದು ಟೇಪ್ ಸುತ್ತಿಬಿಟ್ಟರೆ ಪರದೆ ತಕ್ಷಣ ಬೆಳಗುತ್ತದೆ, ಹಾಡು ಕೇಳುತ್ತದೆ. ಅಂಗಡಿಯಿಂದ ಹೊರಡುವ ಮುನ್ನ ಕೀಲಿ ಕಳಚಿ, ಬಾಗಿಲು ಹಾಕಿ, ಹತ್ತು ನಿಮಿಷ ಬಿಟ್ಟು ಬ್ಯಾಟರಿಯ ನೆಗೆಟಿವ್ ವೈರಿನ ನಡುವೆ ಮಲ್ಟಿಮೀಟರ್ ಇಟ್ಟು ನೋಡಿದರೆ ಗುಟ್ಟು ಬಯಲಾಗುತ್ತದೆ. ಅಲ್ಲಿ ಕೆಲವು ಹತ್ತು ಮಿಲಿಆಂಪಿಯರ್ ಕಂಡರೆ ಕಾರನ್ನು ಮನೆಗೆ ಒಯ್ಯಬಹುದು. ಅರ್ಧ ಆಂಪಿಯರ್ ಕಂಡರೆ ಆ ಟೇಪನ್ನು ಬಿಚ್ಚಿಸಬೇಕು.