ಟೋಕನ್ ಯಾರದು, ಮತ ಯಾರದು?

2016ರಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಸ್ಥಾಪಿಸಿದ ಸ್ಟೀಮಿಟ್, ಬರಹಗಾರರಿಗೂ ಮೆಚ್ಚಿದ ಓದುಗರಿಗೂ ಸ್ಟೀಮ್ ಟೋಕನ್‌ಗಳಲ್ಲಿ ಸಂಭಾವನೆ ನೀಡುವ ಬ್ಲಾಕ್‌ಚೈನ್ ತಾಣ. ಇಲ್ಲಿ ಟೋಕನ್ ಹಣವೂ ಹೌದು, ಮತವೂ ಹೌದು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಆರಂಭವಾದ ನಮ್ಮ ಸಹಕಾರ ಪರಂಪರೆಯಲ್ಲಿ ಸದಸ್ಯನಿಗೆ ಒಂದೇ ಮತ. ಸ್ಟೀಮಿನಲ್ಲಿ ತೊಡಗಿಸಿದ ಟೋಕನ್ನಿಗೆ ತಕ್ಕಷ್ಟು ತೂಕ.

ಈ ವ್ಯತ್ಯಾಸದ ಪರಿಣಾಮ 2020ರಲ್ಲಿ ಕಂಡಿತು. ಫೆಬ್ರವರಿಯಲ್ಲಿ ಜಸ್ಟಿನ್ ಸನ್ ಕಂಪನಿಯನ್ನು ಕೊಂಡರು. ಮಾರ್ಚ್‌ನಲ್ಲಿ ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ವಿನಿಮಯ ಕೇಂದ್ರಗಳು ಗ್ರಾಹಕರು ಇಟ್ಟಿದ್ದ ಟೋಕನ್‌ಗಳಿಂದಲೇ ಅವರ ಪರ ಮತ ಚಲಾಯಿಸಿದವು. ಠೇವಣಿದಾರರನ್ನು ಕೇಳಲಿಲ್ಲ, ವೈದ್ಯವೃತ್ತಿಯಲ್ಲಿ ಇದನ್ನು ಸಮ್ಮತಿಯಿಲ್ಲದ ಚಿಕಿತ್ಸೆ ಎನ್ನುತ್ತೇವೆ. ಮಾರ್ಚ್ 20ರಂದು ಸಮುದಾಯ ಹೈವ್ ಎಂಬ ಪ್ರತ್ಯೇಕ ಸರಪಳಿ ಆರಂಭಿಸಿತು. ಅಲ್ಲಿ ಹೊಸದಾಗಿ ತೊಡಗಿಸಿದ ಟೋಕನ್ನಿಗೆ ಆಡಳಿತದ ಮತ ದೊರೆಯಲು ಈಗ 30 ದಿನ ಕಾಯಬೇಕು.

ವಾಷಿಂಗ್ಟನ್, ಅಟ್ಲಾಂಟಾ, ಶಾರ್ಲಟ್‌ಗಳ ಕನ್ನಡ ಕೂಟಗಳು ಟೋಕನ್ ಹೊರಡಿಸುವುದಾದರೆ, ಖಾತೆಯ ಕೀಲಿ ಖಜಾಂಚಿಯೊಬ್ಬರ ಬಳಿ ಇರಬಾರದು. ಹಲವರ ಸಹಿಯಿಂದಷ್ಟೇ ತೆರೆಯುವ ಖಾತೆಗೆ ಹೈವ್‌ನಲ್ಲಿ ಅವಕಾಶವಿದೆ.